ಟೇಬಲ್ ಸಾ ಮೇಲೆ ಹಲಗೆ ಸೀಳುವುದು: ಕೈ ಕಾಯುವ ಸಲಕರಣೆಗಳನ್ನು ನೀವೇ ಮಾಡಿಕೊಳ್ಳಿ

ಪುಣೆಯ ನರ್ಹೆಯಲ್ಲಿರುವ ನಮ್ಮ ವರ್ಕ್‌ಶಾಪಿನ ಹಿಂದಿನ ಗೋಡೆಯಲ್ಲಿ, ನೆಲದಿಂದ ಮೂರು ಅಡಿ ಎತ್ತರಕ್ಕೆ, ಒಂದು ಕಡೆ ಪ್ಲಾಸ್ಟರ್ ಕಿತ್ತು ಇಟ್ಟಿಗೆ ಕಾಣಿಸುತ್ತದೆ. ಹೆಬ್ಬೆರಳು ಹೋಗುವಷ್ಟು ಗುಂಡಿ. ಅದು ಒಂದು ತೇಗದ ಪಟ್ಟಿ ಬಡಿದ ಗುರುತು. ಪಟ್ಟಿಯ ಅಗಲ ಆರು ಸೂತ್ (ಒಂದು ಸೂತ್ ಅಂದರೆ ಇಂಚಿನ ಎಂಟನೇ ಒಂದು ಭಾಗ), ಉದ್ದ ಎರಡಡಿ. ಕೊಯ್ಯುತ್ತಿದ್ದದ್ದು ಟೇಬಲ್ ಸಾ ಮೇಲೆ, ಅಂದರೆ ಟೇಬಲ್ಲಿನ ನಡುವಿನ ಕಿಂಡಿಯಿಂದ ದುಂಡು ಬ್ಲೇಡು ಮೇಲೆದ್ದಿರುವ ಮಷಿನ್ನಿನ ಮೇಲೆ. ಕೊಯ್ತ ಮುಗಿಯಿತು ಅಂದುಕೊಂಡು ನಾನು ಪಟ್ಟಿಯನ್ನು ಬ್ಲೇಡಿನ ಪಕ್ಕದಲ್ಲೇ ಬಿಟ್ಟು, ಉಳಿದ ಹಲಗೆಯನ್ನು ಎತ್ತಿಕೊಂಡೆ. ಬ್ಲೇಡು ಇನ್ನೂ ತಿರುಗುತ್ತಿತ್ತು. ಪಟ್ಟಿ ಎದ್ದಿದ್ದು ನನಗೆ ಕಾಣಲೇ ಇಲ್ಲ, ಸದ್ದು ಮಾತ್ರ ಕೇಳಿಸಿತು. ಹಲಗೆ ಎತ್ತಲು ನಾನು ಎಡಕ್ಕೆ ವಾಲಿದ್ದೆ. ನೇರಕ್ಕೆ ನಿಂತಿದ್ದರೆ ಅದು ಗೋಡೆಗಲ್ಲ, ನನ್ನ ಹೊಟ್ಟೆಗೆ ಬರುತ್ತಿತ್ತು. ಆ ಗುಂಡಿಯನ್ನು ನಾನು ಇವತ್ತಿಗೂ ಮುಚ್ಚಿಸಿಲ್ಲ. ಹೊಸದಾಗಿ ಕೆಲಸ ಕಲಿಯಲು ಬಂದ ಹುಡುಗರಿಗೆ ಮೊದಲು ಅದನ್ನೇ ತೋರಿಸುತ್ತೇನೆ.

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯಲ್ಲಿ ಫರ್ನಿಚರ್ ಕೆಲಸಕ್ಕೆ ನಿಂತ ನಮ್ಮವರು ಬಹಳ ಜನ ಇದ್ದಾರೆ. ಕಂಪನಿ ಕೆಲಸ ಮಾಡಿಕೊಂಡು ಶನಿವಾರ, ಭಾನುವಾರ ಮರದ ಕೆಲಸ ಕಲಿಯುತ್ತಿರುವವರೂ ಇದ್ದಾರೆ. ಇಬ್ಬರಿಗೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಸಲಕರಣೆಗಳಿಗೆ ಬೇಕಾಗುವುದು ಮೂಲೆಯಲ್ಲಿ ಬಿದ್ದ ಪ್ಲೈ ತುಂಡು, ಒಂದು ನೇರ ಎಳೆಯ ಮರದ ಪಟ್ಟಿ, ಹಳೆ ಸೈಕಲ್ ಟ್ಯೂಬ್, ಒಂದು ಮೇಣದಬತ್ತಿ. ಒಂದು ಭಾನುವಾರದಲ್ಲಿ ಎಲ್ಲ ಮುಗಿಯುತ್ತದೆ.

ಮರ ಯಾಕೆ ಒದೆಯುತ್ತದೆ

ಇದು ಅರ್ಥವಾಗದೆ ಸಲಕರಣೆ ಮಾಡಿಕೊಂಡರೆ ಅದನ್ನು ತಪ್ಪು ಜಾಗದಲ್ಲಿ ಇಡುತ್ತೀರಿ. ಹಾಗಾಗಿ ಮೊದಲು ಇದನ್ನು ನೋಡೋಣ.

ಬ್ಲೇಡು ನಿಮ್ಮ ಕಡೆಗೆ ತಿರುಗುತ್ತದೆ. ನಿಮ್ಮ ಎದುರಿಗಿರುವ ಹಲ್ಲುಗಳು ಮೇಲಿನಿಂದ ಕೆಳಗೆ ಬರುತ್ತವೆ. ಕೊಯ್ಯುವ ಕೆಲಸ ಇವುಗಳದ್ದೇ. ಕೊಯ್ಯುತ್ತಾ ಮರವನ್ನು ಟೇಬಲ್ಲಿಗೆ ಒತ್ತಿಯೂ ಹಿಡಿಯುತ್ತವೆ. ಬ್ಲೇಡಿನ ಹಿಂಭಾಗದ ಹಲ್ಲುಗಳು ಮಾತ್ರ ಕೆಳಗಿನಿಂದ ಮೇಲಕ್ಕೆ ಏಳುತ್ತವೆ. ಅಲ್ಲಿಗೆ ಮರ ತಾಗಬಾರದು. ತಾಗಿದರೆ ಅವು ಮರವನ್ನು ಎತ್ತಿ, ಬ್ಲೇಡಿನ ತಲೆಯ ಮೇಲೆ ಹಾಯಿಸಿ, ನೇರ ನಿಮ್ಮ ಕಡೆ ಎಸೆಯುತ್ತವೆ. ಇದೇ ಕಿಕ್‌ಬ್ಯಾಕ್. 10 ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ತುದಿ ಸೆಕೆಂಡಿಗೆ ಸುಮಾರು 53 ಮೀಟರ್ ಓಡುತ್ತದೆ. ಅಂದರೆ ಗಂಟೆಗೆ 190 ಕಿಲೋಮೀಟರ್. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಆಗಿಹೋಗುತ್ತದೆ. ಕೈ ಎಳೆದುಕೊಳ್ಳುತ್ತೇನೆ ಅಂತ ಧೈರ್ಯ ಮಾಡುವುದರಲ್ಲಿ ಅರ್ಥವಿಲ್ಲ.

ಹಿಂದಿನ ಹಲ್ಲಿಗೆ ಮರ ತಾಗಲು ಸಾಮಾನ್ಯವಾಗಿ ಮೂರು ಕಾರಣ. ಹಲಗೆ ಫೆನ್ಸ್ (ಬ್ಲೇಡಿನ ಪಕ್ಕದಲ್ಲಿ ಅದಕ್ಕೆ ಸಮಾನಾಂತರವಾಗಿ ನಿಲ್ಲಿಸುವ, ಹಲಗೆಯನ್ನು ತಾಗಿಸಿ ತಳ್ಳುವ ನೇರ ಪಟ್ಟಿ) ಬಿಟ್ಟು ಓರೆಯಾಗುವುದು ಒಂದು. ಕೊಯ್ದ ಸೀಳು ಹಿಂದೆ ಮುಚ್ಚಿಕೊಂಡು ಬ್ಲೇಡನ್ನು ಹಿಸುಕುವುದು ಇನ್ನೊಂದು. ಫೆನ್ಸ್ ಮತ್ತು ಬ್ಲೇಡಿನ ನಡುವೆ ಪಟ್ಟಿ ಸಿಕ್ಕಿಹಾಕಿಕೊಳ್ಳುವುದು ಮೂರನೆಯದು. ನನ್ನ ಗೋಡೆಯ ಗುಂಡಿ ಈ ಮೂರನೆಯದರಿಂದ ಆಯಿತು.

ಕಿಕ್‌ಬ್ಯಾಕ್ ಅಂದರೆ ಹಾರುವ ಮರದ ಪೆಟ್ಟು ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಕೈಗೆ ಬರುವ ಅಪಾಯ ಬೇರೆಯೇ. ನೀವು ಭಾರ ಹಾಕಿ ತಳ್ಳುತ್ತಿರುತ್ತೀರಿ. ಹಲಗೆ ಒಮ್ಮೆಲೇ ಕೈ ಕೆಳಗಿಂದ ಮಾಯವಾಗುತ್ತದೆ. ಆಗ ಅದರ ಮೇಲಿದ್ದ ಕೈ ಎಲ್ಲಿ ಬೀಳುತ್ತದೆ? ಬ್ಲೇಡಿನ ಕಡೆಗೇ. ಆದ್ದರಿಂದ ಹಲಗೆಯ ಕೊನೆಯ ಅರ್ಧ ಅಡಿಯನ್ನು ಯಾವತ್ತೂ ಬರಿಗೈಯಿಂದ ತಳ್ಳಬೇಡಿ.

ಮರದ ತೇವದ ಬಗ್ಗೆಯೂ ಒಂದು ಮಾತು. ಮಳೆಗಾಲದಲ್ಲಿ ಭವಾನಿ ಪೇಟ್‌ನ ಟಿಂಬರ್ ಮಾರ್ಕೆಟ್ಟಿನಿಂದ ತಂದ ಹಲಗೆಯನ್ನು ಅದೇ ದಿನ ಸೀಳಬೇಡಿ. ಹಸಿ ಮರದೊಳಗಿನ ಬಿಗಿತ ಕೊಯ್ಯುವಾಗ ಬಿಚ್ಚಿಕೊಳ್ಳುತ್ತದೆ. ಸೀಳಿನ ಎರಡು ಬದಿ ಒಂದೋ ದೂರ ಸರಿಯುತ್ತವೆ, ಇಲ್ಲ ಒಂದಕ್ಕೊಂದು ಅಂಟಿ ಬ್ಲೇಡನ್ನು ಹಿಡಿಯುತ್ತವೆ. ಹಲಗೆಗಳ ನಡುವೆ ಗಾಳಿ ಆಡುವಂತೆ ಸಣ್ಣ ಪಟ್ಟಿ ಇಟ್ಟು ಎರಡು ಮೂರು ವಾರ ಪೇರಿಸಿ ಇಡಿ. ಚಾಕಣ ಕಡೆಯ ಕಾರ್ಖಾನೆಗಳ ಪ್ಯಾಕಿಂಗ್ ಪೈನ್ ತಂದಿದ್ದರೆ ಆಯಸ್ಕಾಂತ ಹಿಡಿದು ಪ್ರತಿ ಹಲಗೆಯ ಮೇಲೂ ಆಡಿಸಿ. ಮುರಿದು ಒಳಗೇ ಉಳಿದ ಮೊಳೆ ಕಣ್ಣಿಗೆ ಕಾಣುವುದಿಲ್ಲ.

ಮೊದಲು ಮಷಿನ್ ಸರಿ ಇದೆಯಾ ನೋಡಿ

ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಣ್ಣೆದುರು ಬಿದ್ದಿರಬೇಕು.

ಬ್ಲೇಡನ್ನು ಪೂರ್ತಿ ಮೇಲೆತ್ತಿ. ಒಂದು ಹಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕಿ. ಆ ಹಲ್ಲನ್ನು ಮುಂದಕ್ಕೆ ತಂದು, ಫೆನ್ಸಿನಿಂದ ಅದಕ್ಕಿರುವ ದೂರ ಅಳೆಯಿರಿ. ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ಒಯ್ದು ಮತ್ತೆ ಅಳೆಯಿರಿ. ಎರಡೂ ಅಳತೆ ಒಂದೇ ಇರಬೇಕು. ಒಂದೇ ಹಲ್ಲು ಯಾಕೆ? ಬ್ಲೇಡು ಸ್ವಲ್ಪ ಅಲುಗಾಡುತ್ತಿದ್ದರೆ ಬೇರೆ ಬೇರೆ ಹಲ್ಲು ಬೇರೆ ಬೇರೆ ಅಳತೆ ಕೊಡುತ್ತವೆ. ಹಿಂದೆ ದೂರ ಕಡಿಮೆ ಬಂದರೆ ಫೆನ್ಸ್ ಹಲಗೆಯನ್ನು ಹಿಂದಿನ ಹಲ್ಲಿನ ಕಡೆ ದೂಡುತ್ತಿದೆ ಅಂತ ಅರ್ಥ. ಆ ಸ್ಥಿತಿಯಲ್ಲಿ ಒಂದು ಪಟ್ಟಿಯನ್ನೂ ಕೊಯ್ಯಬೇಡಿ. ಫೆನ್ಸಿನ ಬೋಲ್ಟ್ ಸಡಿಲಿಸಿ ಸರಿ ಮಾಡಿ, ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಬಿಗಿಯುವಾಗ ಕದಲುವುದು ಮಾಮೂಲು.

ಉದ್ದಕ್ಕೆ ಸೀಳಲು 10 ಇಂಚಿನ ಬ್ಲೇಡಿಗೆ 24 ಹಲ್ಲು ಸಾಕು. 60, 80 ಹಲ್ಲಿನ ಬ್ಲೇಡು ಅಡ್ಡ ಕೊಯ್ತಕ್ಕೆ ಮತ್ತು ಪ್ಲೈಗೆ ಒಳ್ಳೆಯದು. ಅದರಲ್ಲೇ ದಪ್ಪ ತೇಗ ಸೀಳಲು ಹೋದರೆ ಹಲ್ಲುಗಳ ನಡುವೆ ಹೊಟ್ಟು ತುಂಬಿಕೊಂಡು ಮರ ಕಪ್ಪಾಗುತ್ತದೆ. ನೀವು ಜಾಸ್ತಿ ಒತ್ತಿ ತಳ್ಳಬೇಕಾಗುತ್ತದೆ. ಜಾಸ್ತಿ ಒತ್ತಬೇಕಾಗಿ ಬಂದಾಗಲೇ ಕೈ ಜಾರುವುದು.

ಸ್ವಿಚ್ಚಿನ ವಿಷಯ ಬಹಳ ಜನ ಲಕ್ಷ್ಯ ಕೊಡದ ಜಾಗ. ಕೆಲಸ ನಡುವೆ ಕರೆಂಟ್ ಹೋಯಿತು, ನೀವು ಚಹಾಕ್ಕೆ ಹೋದಿರಿ, ಬಂದು ಬ್ಲೇಡಿನ ಹತ್ತಿರ ಹೊಟ್ಟು ಒರೆಸುತ್ತಿದ್ದೀರಿ. ಆಗ ಕರೆಂಟ್ ಬಂದರೆ? ಮಾಮೂಲಿ ಸ್ವಿಚ್ ಇದ್ದರೆ ಮಷಿನ್ ತಾನೇ ಶುರುವಾಗುತ್ತದೆ. ಹಸಿರು, ಕೆಂಪು ಬಟನ್ ಇರುವ ಡಿಓಎಲ್ (ಡೈರೆಕ್ಟ್ ಆನ್ ಲೈನ್) ಸ್ಟಾರ್ಟರ್ ಹಾಕಿಸಿ. ಕರೆಂಟ್ ಹೋದ ತಕ್ಷಣ ಅದರೊಳಗಿನ ಕಾಯಿಲ್ ಬಿಟ್ಟುಕೊಳ್ಳುತ್ತದೆ. ಮತ್ತೆ ಹಸಿರು ಒತ್ತುವವರೆಗೆ ಮಷಿನ್ ಏಳುವುದಿಲ್ಲ. ಕೆಂಪು ಬಟನ್ನನ್ನು ಮೊಣಕಾಲಿಗೋ ತೊಡೆಗೋ ಸಿಗುವ ಜಾಗದಲ್ಲಿ ಕೂರಿಸಿ. ಎರಡೂ ಕೈ ಹಲಗೆಯ ಮೇಲಿರುವಾಗ ಮಷಿನ್ ನಿಲ್ಲಿಸಲು ನಿಮಗೆ ಉಳಿಯುವುದು ಕಾಲು ಮಾತ್ರ.

ಬ್ಲೇಡಿನ ಬಾಯಿಗೆ ಹೊಸ ಪಟ್ಟಿ, ಹಿಂದೆ ಒಂದು ನಾಲಿಗೆ

ಬ್ಲೇಡು ಹೊರಬರುವ ಕಿಂಡಿಯ ಸುತ್ತ ಇರುವ ತಗಡಿನ ಇನ್ಸರ್ಟಿನಲ್ಲಿ ಕಿಂಡಿ ಅಗಲವಾಗಿರುತ್ತದೆ. ತೆಳು ತುಂಡು ಅದರೊಳಗೆ ಬಿದ್ದು ಬ್ಲೇಡಿಗೆ ಸಿಗುತ್ತದೆ. ಬ್ಲೇಡಿನಷ್ಟೇ ಅಗಲದ ಕಿಂಡಿ ಇರುವ ಇನ್ಸರ್ಟನ್ನು ಪ್ಲೈಯಲ್ಲಿ ಮಾಡಿಕೊಳ್ಳಿ.

ಹಳೆಯ ಇನ್ಸರ್ಟನ್ನು ಪ್ಲೈ ಮೇಲಿಟ್ಟು ಗೆರೆ ಎಳೆದು, ಜಿಗ್ ಸಾದಿಂದ ಗೆರೆಯ ಹೊರಗೆ ಕೊಯ್ದು, ಅಂಚನ್ನು ಸ್ಯಾಂಡ್ ಪೇಪರಿನಿಂದ ತಿದ್ದಿ. ಬೆರಳಿನಿಂದ ಒತ್ತಿದರೆ ಕೂರಬೇಕು, ಅಲುಗಾಡಬಾರದು. ಮೇಲ್ಮೈ ಟೇಬಲ್ಲಿಗೆ ಸಮನಾಗಿರಬೇಕು. ತಗ್ಗಿದ್ದರೆ ಕೆಳಗೆ ನಾಲ್ಕು ಮೂಲೆಗೆ ಸಣ್ಣ ಸ್ಕ್ರೂ ಹಾಕಿ ಏರಿಸಿ ಇಳಿಸಿ ಮಟ್ಟ ಮಾಡಿ. ಬ್ಲೇಡನ್ನು ಪೂರ್ತಿ ಇಳಿಸಿ ಇನ್ಸರ್ಟ್ ಕೂರಿಸಿ. ಬ್ಲೇಡು ಬರುವ ಗೆರೆಯಿಂದ ದೂರ, ಇನ್ಸರ್ಟಿನ ಒಂದು ಬದಿಯ ಮೇಲೆ ಗಟ್ಟಿ ರೀಪನ್ನು ಆ ಗೆರೆಗೆ ಸಮಾನಾಂತರ ಇಟ್ಟು, ಎರಡೂ ತುದಿಗೆ ಕ್ಲಾಂಪ್ ಬಿಗಿಯಿರಿ. ಈಗ ಮಷಿನ್ ಚಾಲೂ ಮಾಡಿ ಬ್ಲೇಡನ್ನು ನಿಧಾನ ಮೇಲೆತ್ತಿ. ಬ್ಲೇಡು ತನ್ನ ಕಿಂಡಿಯನ್ನು ತಾನೇ ಕೊಯ್ದುಕೊಳ್ಳುತ್ತದೆ. ಪೂರ್ತಿ ಇಳಿಸಿದರೂ ಬ್ಲೇಡಿನ ತಲೆ ಇನ್ಸರ್ಟಿಗೆ ತಾಗುತ್ತಿದ್ದರೆ ಮಷಿನ್ ಚಾಲೂ ಮಾಡಬೇಡಿ. ಇನ್ಸರ್ಟಿನ ಅಡಿಯಲ್ಲಿ ಉದ್ದಕ್ಕೆ ಕಾಲುವೆಯಂತೆ ತೋಡಿ ಜಾಗ ಮಾಡಿ, ಆಮೇಲೆ ಎತ್ತಿ.

ನಿಮ್ಮ ಮಷಿನ್ನಿಗೆ ಕಂಪನಿಯ ರೈವಿಂಗ್ ನೈಫ್ ಇದ್ದರೆ, ಅಂದರೆ ಬ್ಲೇಡಿನ ಹಿಂದೆ ಅದರ ಜೊತೆಗೇ ಏರಿ ಇಳಿಯುವ ಉಕ್ಕಿನ ತಗಡು ಇದ್ದರೆ, ಅದನ್ನು ದಯವಿಟ್ಟು ತೆಗೆದಿಡಬೇಡಿ. ಇನ್ಸರ್ಟಿನ ಕಿಂಡಿಯನ್ನು ಹಿಂದಕ್ಕೆ ಉದ್ದ ಮಾಡಿ ಅದಕ್ಕೆ ಜಾಗ ಕೊಡಿ. ಸೀಳು ಮುಚ್ಚಿಕೊಳ್ಳದಂತೆ ತಡೆಯುವುದು ಅದೇ. ಹಲಗೆ ಓರೆಯಾಗಿ ಹಿಂದಿನ ಹಲ್ಲಿನ ಮೇಲೆ ಹತ್ತದಂತೆ ತಡೆಯುವುದೂ ಅದೇ. ಈ ಬರಹದ ಎಲ್ಲ ಸಲಕರಣೆಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ.

ಇಲ್ಲಿ ಲೋಕಲ್ ಆಗಿ ಮಾಡಿದ ಬಹಳಷ್ಟು ಮಷಿನ್‌ಗಳಿಗೆ ಅದು ಇರುವುದೇ ಇಲ್ಲ. ಹಾಗಿದ್ದರೆ ಮರದ ನಾಲಿಗೆ ಮಾಡಿ. ಇನ್ಸರ್ಟಿನ ಕಿಂಡಿಯನ್ನು ಅದೇ ನೇರದಲ್ಲಿ ಕೈಗರಗಸದಿಂದ ಹಿಂದಕ್ಕೆ ಎರಡು ಇಂಚು ಉದ್ದ ಮಾಡಿ. ಗಟ್ಟಿ ಮರದ ತೆಳು ತುಂಡೊಂದನ್ನು ಕೀಸಿ ಅದರೊಳಗೆ ಫೆವಿಕಾಲ್ ಹಾಕಿ ನಿಲ್ಲಿಸಿ. ದಪ್ಪ ಎಷ್ಟು ಅನ್ನುವುದೇ ಇಲ್ಲಿ ಮುಖ್ಯ. ಮಾಮೂಲಿ ಬ್ಲೇಡಿನ ಕೊಯ್ತದ ಅಗಲ 3.2 ಮಿ.ಮೀ., ಅಂದರೆ ಸುಮಾರು ಒಂದು ಸೂತ್. ಬ್ಲೇಡಿನ ತಗಡು ಅದಕ್ಕಿಂತ ತೆಳು. ನಾಲಿಗೆ ತಗಡಿಗಿಂತ ದಪ್ಪ ಇರಬೇಕು, ಕೊಯ್ತಕ್ಕಿಂತ ತೆಳು ಇರಬೇಕು. 2.8ರಿಂದ 3 ಮಿ.ಮೀ. ಸರಿ. ಮರದ ಎಳೆ ನಿಂತಿರಬೇಕು. ಎಳೆ ಮಲಗಿದ್ದರೆ ಬದಿಯ ಒತ್ತಡಕ್ಕೆ ಚಟ್ಟಂತ ಮುರಿಯುತ್ತದೆ. ಎತ್ತರ ಒಂದೂವರೆ ಇಂಚು ಸಾಕು, ಎದುರಿನ ಅಂಚು ಗುಂಡಗೆ ಮಾಡಿ. ಹಲಗೆ ಎಳೆದಾಗ ಇನ್ಸರ್ಟ್ ಎದ್ದು ಬರದಂತೆ ಅದರ ಹಿಂಭಾಗವನ್ನು ಸ್ಕ್ರೂ ಹಾಕಿ ಹಿಡಿಸಿ. ನಾಲಿಗೆ ಬ್ಲೇಡಿನ ಜೊತೆ ಏರಿ ಇಳಿಯುವುದಿಲ್ಲ, ಆದ್ದರಿಂದ ಇದು ಉಕ್ಕಿನ ರೈವಿಂಗ್ ನೈಫಿಗೆ ಸಮವಲ್ಲ. ಆದರೂ ಇರುವುದಕ್ಕೂ ಇಲ್ಲದಿರುವುದಕ್ಕೂ ಅಜಗಜಾಂತರ.

ತಳ್ಳುವ ಬೂಟು

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪುಶ್ ಸ್ಟಿಕ್ ಉದ್ದ ಕೋಲು, ತುದಿಯಲ್ಲಿ ಒಂದು ಕಚ್ಚು. ಅದು ಹಲಗೆಯನ್ನು ಒಂದೇ ಬಿಂದುವಿನಲ್ಲಿ ದೂಡುತ್ತದೆ. ಮುಂದಕ್ಕೆ ದೂಡುತ್ತದೆ, ಆದರೆ ಕೆಳಗೆ ಒತ್ತುವುದಿಲ್ಲ. ಹಲಗೆಯ ಮುಂದಿನ ತುದಿ ಎದ್ದರೆ ಹಿಡಿಯಲು ಏನೂ ಇಲ್ಲ. ಬೂಟು ಹಾಗಲ್ಲ. ಅದರ ಅಡಿ ಒಂದಡಿ ಉದ್ದಕ್ಕೂ ಹಲಗೆಯ ಮೇಲೆ ಕೂತು ಒತ್ತುತ್ತದೆ, ಹಿಮ್ಮಡಿ ಹಿಂದಿನಿಂದ ದೂಡುತ್ತದೆ.

18 ಮಿ.ಮೀ. ಪ್ಲೈ ತುಂಡು ಸಾಕು. ಉದ್ದ 300 ಮಿ.ಮೀ., ಎತ್ತರ 170 ಮಿ.ಮೀ. ಮೊದಲು ರಟ್ಟಿನ ಮೇಲೆ ಬರೆದು ಕತ್ತರಿಸಿ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಪ್ಲೈ ಮೇಲೆ ಇಳಿಸಿ. ಅಡಿಯ ಗೆರೆಯಲ್ಲಿ ಹಿಂದಿನ 25 ಮಿ.ಮೀ. ಬಿಟ್ಟು, ಉಳಿದ ಮುಂಭಾಗವನ್ನೆಲ್ಲ 5 ಮಿ.ಮೀ. ಮೇಲಕ್ಕೆ ಕೊಯ್ದು ತೆಗೆಯಿರಿ. ಹಿಂದೆ ಉಳಿದ ಆ 25 ಮಿ.ಮೀ. ತುಂಡೇ ಹಿಮ್ಮಡಿ. ಮೂಲೆ ಗುನ್ಯಾ ಹಿಡಿದ ಹಾಗೆ 90 ಡಿಗ್ರಿ ಇರಬೇಕು, ಗುಂಡಗಿದ್ದರೆ ಹಲಗೆ ಜಾರುತ್ತದೆ. ಹಿಮ್ಮಡಿಯ ಎತ್ತರ ನೀವು ಕೊಯ್ಯುವ ಮರದ ದಪ್ಪಕ್ಕಿಂತ ಯಾವತ್ತೂ ಕಡಿಮೆ ಇರಬೇಕು. ಇಲ್ಲದಿದ್ದರೆ ಅದು ಟೇಬಲ್ಲಿಗೆ ತಾಗಿ, ಬೂಟಿನ ಅಡಿ ಹಲಗೆಯಿಂದ ಎದ್ದು ನಿಲ್ಲುತ್ತದೆ.

ಈಗ ಹಿಡಿ. ಇದಕ್ಕೆ ಸಮಯ ಕೊಡಿ. ಹಿಡಿ ಹಿಂದಿನ ಮೇಲ್ಮೂಲೆಯಲ್ಲಿರಲಿ, ಕೈಗರಗಸದ ಹಿಡಿಯ ಹಾಗೆ ಮುಂದಕ್ಕೆ ಬಾಗಿರಲಿ. ಹಾಗೆ ಬಾಗಿದ್ದರೆ ಒಂದೇ ಒತ್ತಡ ಅರ್ಧ ಮುಂದಕ್ಕೆ, ಅರ್ಧ ಕೆಳಕ್ಕೆ ಹೋಗುತ್ತದೆ. ಸುತ್ತಲೂ ಮುಚ್ಚಿದ ಕಿಂಡಿಯಂಥ ಹಿಡಿ ನೋಡಲು ಚೆಂದ, ಆದರೆ ನನಗೆ ಒಪ್ಪಿಗೆಯಿಲ್ಲ. ಬ್ಲೇಡು ಬೂಟನ್ನು ಕಸಿದುಕೊಂಡರೆ ಬೆರಳು ಅದರೊಳಗೇ ಸಿಕ್ಕಿಕೊಂಡು ಜೊತೆಗೆ ಹೋಗುತ್ತವೆ. ಹಿಂದೆ ತೆರೆದಿರುವ, ಕೊಂಬಿನಂಥ ಹಿಡಿ ಮಾಡಿ. ಅಂಚುಗಳನ್ನು 80 ನಂಬರಿನ ಸ್ಯಾಂಡ್ ಪೇಪರಿನಿಂದ ಚೆನ್ನಾಗಿ ತಿಕ್ಕಿ. ನಾನು ಮೊದಲು ಮಾಡಿದ ಬೂಟಿನ ಹಿಡಿ ಅಂಗೈಗೆ ಚುಚ್ಚುತ್ತಿತ್ತು. ಚುಚ್ಚಿದ್ದರಿಂದ ಸಡಿಲ ಹಿಡಿಯುತ್ತಿದ್ದೆ, ಆಮೇಲೆ ಅದನ್ನು ಬಿಟ್ಟು ಬರಿಗೈಯಲ್ಲೇ ಕೊಯ್ಯಲು ಶುರು ಮಾಡಿದೆ. ಕೈಗೆ ಹಿತವಾಗದ ಸಲಕರಣೆಯನ್ನು ಯಾರೂ ಬಳಸುವುದಿಲ್ಲ.

ಬೂಟಿನ ಕೆಳಗಿನ ಅರ್ಧದಲ್ಲಿ ಮೊಳೆ, ಸ್ಕ್ರೂ ಇರಲೇಬಾರದು. ಬ್ಲೇಡು ಅದರ ಅಡಿಯನ್ನು ಒಂದಲ್ಲ ಒಂದು ದಿನ ಕೊಯ್ಯುತ್ತದೆ. ಕೊಯ್ಯಲಿ, ಅದಕ್ಕಾಗಿಯೇ ಅದನ್ನು ಪ್ಲೈಯಲ್ಲಿ ಮಾಡಿದ್ದು.

ಇದರ ಜೊತೆಗೆ ಒಂದು ಕೋಲನ್ನೂ ಮಾಡಿ. 400 ಮಿ.ಮೀ. ಉದ್ದ, ತುದಿಯಲ್ಲಿ 90 ಡಿಗ್ರಿ ಮೂಲೆಯ ಕಚ್ಚು. ಎಡಗೈಯಲ್ಲಿ ಹಿಡಿದು ಹಲಗೆಯನ್ನು ಫೆನ್ಸಿಗೆ ಒತ್ತಲು ಇದು ಬೇಕು. ಅಗಲ ಹಲಗೆಗೆ ಇನ್ನೊಂದು: 90 ಮಿ.ಮೀ. ಅಗಲದ ಮರದ ತುಂಡಿಗೆ ಮೇಲೆ ಹಿಡಿ, ಕೆಳಗೆ ಪಂಕ್ಚರ್ ಅಂಗಡಿಯಲ್ಲಿ ಸಿಗುವ ಹಳೆ ಸೈಕಲ್ ಟ್ಯೂಬನ್ನು ರಬ್ಬರ್ ಗಮ್ ಹಾಕಿ ಅಂಟಿಸಿ. ರಬ್ಬರಿನ ಮೇಲೆ ಹೊಟ್ಟು ಕೂತರೆ ಹಿಡಿತ ಹೋಗುತ್ತದೆ. ಆಗಾಗ ಒದ್ದೆ ಬಟ್ಟೆಯಿಂದ ಒರೆಸಿ.

ಬಾಚಣಿಗೆ

ಫೆದರ್‌ಬೋರ್ಡ್ ಅಂತ ಇದರ ಹೆಸರು. ನಮ್ಮಲ್ಲಿ ಬಾಚಣಿಗೆ ಅನ್ನುತ್ತೇವೆ, ನೋಡಲು ಹಾಗೇ ಇದೆ. ಇದು ಹಲಗೆಯನ್ನು ಫೆನ್ಸಿಗೆ ಒತ್ತಿ ಹಿಡಿಯುತ್ತದೆ. ಮುಂದಕ್ಕೆ ಹೋಗಲು ಬಿಡುತ್ತದೆ, ಹಿಂದಕ್ಕೆ ಬಂದರೆ ಹಲ್ಲುಗಳು ಕಚ್ಚಿಕೊಳ್ಳುತ್ತವೆ.

18ರಿಂದ 20 ಮಿ.ಮೀ. ದಪ್ಪ, 90 ಮಿ.ಮೀ. ಅಗಲ, 400 ಮಿ.ಮೀ. ಉದ್ದದ ಮರ ತೆಗೆದುಕೊಳ್ಳಿ. ಗಂಟಿರಬಾರದು, ಎಳೆ ಉದ್ದಕ್ಕೆ ನೇರವಾಗಿರಬೇಕು. ಪ್ಲೈ ಬೇಡ, ಅದರ ಪದರಗಳು ಅಡ್ಡಡ್ಡ ಇರುವುದರಿಂದ ಬಾಗುವ ಬದಲು ಮುರಿಯುತ್ತದೆ. ಒಂದು ತುದಿಯನ್ನು 30 ಡಿಗ್ರಿ ಓರೆಯಾಗಿ ಕೊಯ್ಯಿರಿ. ಆ ತುದಿಯಿಂದ 60 ಮಿ.ಮೀ. ಒಳಗೆ ಅದೇ ಓರೆಯಲ್ಲಿ ಒಂದು ಗೆರೆ ಹಾಕಿ. ಈಗ ಉದ್ದಕ್ಕೆ 6 ಮಿ.ಮೀ.ಗೆ ಒಂದರಂತೆ ಗೆರೆ ಎಳೆದು, ತುದಿಯಿಂದ ಆ ಓರೆ ಗೆರೆಯವರೆಗೆ ಕೈಗರಗಸದಿಂದಲೋ ಜಿಗ್ ಸಾದಿಂದಲೋ ಸೀಳಿ. ಟೇಬಲ್ ಸಾ ಮೇಲೆ ಇದನ್ನು ಮಾಡಲು ಹೋಗಬೇಡಿ. ಮುಗಿದ ಮೇಲೆ ಹೆಬ್ಬೆರಳಿನಿಂದ ಹಲ್ಲುಗಳನ್ನು ಒತ್ತಿ ನೋಡಿ. ಸ್ವಲ್ಪ ಬಾಗಿ ವಾಪಸ್ ಬರಬೇಕು. ಬಾಗುವುದೇ ಇಲ್ಲ ಅಂದರೆ ಸೀಳನ್ನು ಇನ್ನೊಂದು ಬೆರಳು ಆಳ ಮಾಡಿ.

ಇಡುವ ಜಾಗದಲ್ಲಿ ತಪ್ಪಬೇಡಿ. ಟೇಬಲ್ ಮೇಲೆ, ಫೆನ್ಸಿನ ಎದುರಿಗೆ, ಬ್ಲೇಡಿಗಿಂತ ಮುಂಚೆ, ಅಂದರೆ ನಿಮ್ಮ ಕಡೆಗೆ ಇರಬೇಕು. ಬಾಚಣಿಗೆಯ ಕೊನೆಯ ಹಲ್ಲು ಬ್ಲೇಡಿನ ಮುಂದಿನ ಹಲ್ಲಿಗಿಂತ ಒಂದಿಂಚು ನಿಮ್ಮ ಕಡೆಗೇ ನಿಲ್ಲಬೇಕು. ಬ್ಲೇಡಿನ ಪಕ್ಕಕ್ಕೆ ಇಟ್ಟರೆ ಅದು ಕೊಯ್ದ ತುಂಡನ್ನು ಬ್ಲೇಡಿಗೇ ಒತ್ತಿ ಸೀಳನ್ನು ಮುಚ್ಚುತ್ತದೆ. ಅಪಾಯ ತಪ್ಪಿಸಲು ಮಾಡಿದ್ದೇ ಅಪಾಯ ತರುತ್ತದೆ. ಒಂದೇ ಕ್ಲಾಂಪ್ ಹಾಕಿದರೆ ತಿರುಗುತ್ತದೆ, ಎರಡು ಹಾಕಿ. ಎಷ್ಟು ಬಿಗಿ ಇರಬೇಕು ಅಂದರೆ, ಹಲಗೆಯನ್ನು ಒಂದು ಕೈಯಿಂದ ಮುಂದಕ್ಕೆ ತಳ್ಳಲು ಬರಬೇಕು, ಹಿಂದಕ್ಕೆ ಎಳೆದರೆ ಬರಬಾರದು.

ಅರ್ಧ ಫೆನ್ಸ್

ಇದು ಚಿಕ್ಕ ಕೆಲಸ, ಆದರೆ ಗೊತ್ತಿರುವವರು ಕಡಿಮೆ. ಗಟ್ಟಿ ಮರವನ್ನು ಕೊಯ್ದಾಗ ಕೆಲವು ಹಲಗೆ ಒಳಗಿನ ಬಿಗಿತ ಬಿಚ್ಚಿ ಎರಡು ಬದಿಗೆ ತೆರೆದುಕೊಳ್ಳುತ್ತವೆ ಅಂತ ಹೇಳಿದೆನಲ್ಲ. ಬಲಬದಿಯ ತುಂಡು ತೆರೆದುಕೊಂಡು ಫೆನ್ಸಿಗೆ ತಾಗಿದರೆ ಫೆನ್ಸ್ ಅದನ್ನು ವಾಪಸ್ ಹಿಂದಿನ ಹಲ್ಲಿನ ಕಡೆ ದೂಡುತ್ತದೆ. ಅದಕ್ಕೆ 18 ಮಿ.ಮೀ. ಪ್ಲೈಯ ನೇರ ಪಟ್ಟಿಯೊಂದನ್ನು ಫೆನ್ಸಿಗೆ ಕ್ಲಾಂಪ್ ಮಾಡಿ, ಅದು ಬ್ಲೇಡಿನ ನಡುಮಧ್ಯಕ್ಕೆ ಮುಗಿಯುವಂತೆ ಇಡಿ. ಕೊಯ್ತ ಆಗುವವರೆಗೆ ಹಲಗೆಗೆ ಆಸರೆ ಇದೆ, ಆದ ಮೇಲೆ ಸರಿಯಲು ಜಾಗ ಇದೆ. ಅಳತೆಯನ್ನು ಈ ಪಟ್ಟಿಯ ಮುಖದಿಂದ ಹಿಡಿಯಲು ಮರೆಯಬೇಡಿ. ಪ್ಲೈ ಕೊಯ್ಯುವಾಗ ಇದು ಬೇಡ, ಪೂರ್ತಿ ಫೆನ್ಸೇ ಒಳ್ಳೆಯದು.

ಈಗ ಕೊಯ್ಯುವುದು

ಹಲಗೆಯ ಒಂದು ಮುಖ ಮತ್ತು ಒಂದು ಅಂಚು ನೇರ ಇರಲೇಬೇಕು. ನೇರ ಅಂಚು ಫೆನ್ಸಿಗೆ, ಚಪ್ಪಟೆ ಮುಖ ಟೇಬಲ್ಲಿಗೆ. ಡೊಂಕು ಹಲಗೆಯನ್ನು ಮೊದಲು ರಂದಾ ಹೊಡೆದು ನೇರ ಮಾಡಿ. ಒಂದಡಿಗಿಂತ ಗಿಡ್ಡ ತುಂಡನ್ನು ಉದ್ದಕ್ಕೆ ಸೀಳಬೇಡಿ, ಉದ್ದಕ್ಕಿಂತ ಅಗಲ ಜಾಸ್ತಿ ಇರುವುದನ್ನಂತೂ ಬೇಡವೇ ಬೇಡ.

ಬ್ಲೇಡಿನ ತಲೆ ಮರಕ್ಕಿಂತ ಎರಡು ಸೂತ್ ಮೇಲಿರಲಿ. ಟೇಬಲ್ ಮತ್ತು ಫೆನ್ಸಿಗೆ ಮೇಣದಬತ್ತಿ ತಿಕ್ಕಿ ಬಟ್ಟೆಯಿಂದ ಉಜ್ಜಿ. ಹಲಗೆ ಜಾರಿಕೊಂಡು ಹೋಗುತ್ತದೆ, ಮಳೆಗಾಲದಲ್ಲಿ ಬೀಡು ಕಬ್ಬಿಣದ ಟೇಬಲ್ಲಿಗೆ ತುಕ್ಕೂ ಬೇಗ ಹಿಡಿಯುವುದಿಲ್ಲ. ಹಿಂದೆ ಹಲಗೆ ಇಳಿಯಲು ಆಸರೆ ಇಡಿ, ಟೇಬಲ್ಲಿಗಿಂತ ಒಂದು ಸೂತ್ ಕೆಳಗೆ. ಆ ಕಡೆ ಸಹಾಯಕ್ಕೆ ಯಾರಾದರೂ ನಿಂತಿದ್ದರೆ ಮೊದಲೇ ಹೇಳಿ: ಹಲಗೆಯ ಭಾರ ಹೊತ್ತರೆ ಸಾಕು, ಎಳೆಯಬೇಡ.

ಕನ್ನಡಕ, ಕಿವಿಗೆ ಮಫ್, ಮೂಗಿಗೆ ಎನ್95. ಮರದ ಹೊಟ್ಟಿನ ಪುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಕೈಗವಸು ಮಾತ್ರ ಬೇಡ. ಹಲ್ಲಿಗೆ ಅದರ ದಾರ ಸಿಕ್ಕರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಮಣಿಕಟ್ಟಿನ ದಾರ, ಬಳೆ, ಉಂಗುರ, ಜೋತಾಡುವ ಓಢಣಿ, ಉದ್ದ ತೋಳಿನ ಅಂಗಿಗೂ ಇದೇ ಮಾತು. ದೇವರ ದಾರ ಬಿಚ್ಚಲು ಮನಸ್ಸಿಲ್ಲದಿದ್ದರೆ ಮೊಣಕೈ ಮೇಲೆ ಬಿಗಿಯಾಗಿ ಕಟ್ಟಿಕೊಳ್ಳಿ.

ಮಷಿನ್ ಚಾಲೂ ಮಾಡುವ ಮೊದಲು ಬ್ಲೇಡು ಇಳಿಸಿ, ಹಲಗೆಯನ್ನು ಒಮ್ಮೆ ಶುರುವಿನಿಂದ ಕೊನೆಯವರೆಗೆ ತಳ್ಳಿ ನೋಡಿ. ಬೂಟು ಎಲ್ಲಿಂದ ತೆಗೆದುಕೊಳ್ಳುತ್ತೀರಿ, ಯಾವಾಗ ತೆಗೆದುಕೊಳ್ಳುತ್ತೀರಿ, ಕೈ ಬದಲಿಸುವಾಗ ಹಲಗೆ ಕದಲುತ್ತದೆಯಾ, ಎಲ್ಲ ಗೊತ್ತಾಗುತ್ತದೆ.

ಫೆನ್ಸ್ ಬಲಕ್ಕಿದ್ದರೆ ನೀವು ಬ್ಲೇಡಿನ ನೇರದಿಂದ ಎಡಕ್ಕೆ ನಿಲ್ಲಿ. ಬ್ಲೇಡು ಪೂರ್ತಿ ವೇಗಕ್ಕೆ ಬರಲಿ. ಬಲಗೈ ಹಲಗೆಯ ಹಿಂದೆ, ಎಡಗೈ ಬ್ಲೇಡಿಗಿಂತ ಅರ್ಧ ಅಡಿ ಮುಂಚೆ, ಹಲಗೆಯನ್ನು ಫೆನ್ಸಿಗೆ ಒತ್ತುತ್ತಾ. ಎಡಗೈ ಅಲ್ಲೇ ನಿಂತಿರಬೇಕು. ಹಲಗೆಯ ಜೊತೆ ಮುಂದೆ ಹೋಗಬಾರದು. ಬಾಚಣಿಗೆ ಇದ್ದರೆ ಎಡಗೈಗೆ ಕೆಲಸವೇ ಇಲ್ಲ, ಸುಮ್ನೆ ಟೇಬಲ್ಲಿನ ಅಂಚು ಹಿಡಿದುಕೊಂಡಿರಿ.

ಕಣ್ಣು ಎಲ್ಲಿರಬೇಕು? ಎಲ್ಲರೂ ಬ್ಲೇಡು ನೋಡುತ್ತಾರೆ. ಬ್ಲೇಡು ತನ್ನ ಕೆಲಸ ಮಾಡುತ್ತದೆ, ಅದನ್ನು ನೋಡಿ ಏನೂ ಆಗಬೇಕಿಲ್ಲ. ನೀವು ನೋಡಬೇಕಾದ್ದು ಹಲಗೆ ಮತ್ತು ಫೆನ್ಸ್ ಸೇರುವ ಗೆರೆ. ಅಲ್ಲಿ ಕೂದಲಷ್ಟು ಬೆಳಕು ಕಂಡರೂ ಹಲಗೆ ಓರೆಯಾಗುತ್ತಿದೆ ಅಂತ ಅರ್ಥ.

ಹಲಗೆಯ ಹಿಂದಿನ ತುದಿ ಟೇಬಲ್ಲಿನ ಮೇಲೆ ಬಂದ ಕೂಡಲೇ ಬೂಟು ತೆಗೆದುಕೊಳ್ಳಿ. ಕೈ ಬ್ಲೇಡಿಗೆ ಹತ್ತಿರ ಬರುವವರೆಗೆ ಕಾಯಬೇಡಿ. ಬೂಟು ಫೆನ್ಸ್ ಮತ್ತು ಬ್ಲೇಡಿನ ನಡುವಿನ ತುಂಡಿನ ಮೇಲೆ ಕೂರಬೇಕು. ಆ ತುಂಡನ್ನು ಬ್ಲೇಡು ದಾಟಿಸಿ, ಹಿಂದಿನ ನಾಲಿಗೆಯನ್ನೂ ದಾಟಿಸಿ, ಆಮೇಲೆ ನಿಲ್ಲಿಸಿ. ನಾನು ಆ ದಿನ ಮಾಡದೆ ಬಿಟ್ಟಿದ್ದು ಇದನ್ನೇ. ಪಟ್ಟಿ ಬ್ಲೇಡಿನ ಪಕ್ಕದಲ್ಲೇ ಇತ್ತು, ಮೂರು ಇಂಚು ದಾಟಿಸಿದ್ದರೆ ಏನೂ ಆಗುತ್ತಿರಲಿಲ್ಲ.

ಎಡಕ್ಕೆ ಉಳಿದ ತುಂಡನ್ನು ಮುಟ್ಟಬೇಡಿ. ಕೆಂಪು ಬಟನ್ ಒತ್ತಿ, ಬ್ಲೇಡು ಪೂರ್ತಿ ನಿಲ್ಲಲಿ, ಆಮೇಲೆ ತೆಗೆಯಿರಿ. ಹಲಗೆ ನಡುವೆ ಸಿಕ್ಕಿಕೊಂಡರೂ ಹಿಂದಕ್ಕೆ ಎಳೆಯಬೇಡಿ. ಒತ್ತಿ ಹಿಡಿದು, ಮೊಣಕಾಲಿನಿಂದ ಬಟನ್ ಒತ್ತಿ.

ಸಣ್ಣ ಪಟ್ಟಿ ಬೇಕಾದರೆ

ಬೀಡಿಂಗ್, ಲಿಪ್ಪಿಂಗ್‌ಗೆ, ಅಂದರೆ ಪ್ಲೈಯ ಅಂಚು ಮುಚ್ಚಲು, ಎರಡು ಮೂರು ಸೂತಿನ ಪಟ್ಟಿ ಬೇಕಾಗುತ್ತದೆ. ಅದನ್ನು ಫೆನ್ಸ್ ಮತ್ತು ಬ್ಲೇಡಿನ ನಡುವೆ ಕೊಯ್ಯಬೇಡಿ. ಬೂಟು ಕೂರಲು ಅಲ್ಲಿ ಜಾಗವೇ ಇರುವುದಿಲ್ಲ. ಪಟ್ಟಿ ಬ್ಲೇಡಿನ ಎಡಕ್ಕೆ, ತಾನಾಗಿ ಬೀಳಬೇಕು.

ಎಲ್ಲ ಪಟ್ಟಿ ಒಂದೇ ದಪ್ಪ ಬರಲು ಒಂದು ತಡೆ ಮಾಡಿ. ಟೇಬಲ್ಲಿನ ಎಡಗಡೆ ಬ್ಲೇಡಿಗೆ ಸಮಾನಾಂತರವಾಗಿರುವ ಕಾಲುವೆಯಲ್ಲಿ ಬಿಗಿಯಾಗಿ ಕೂರುವ ರೀಪು, ಅದರ ಮೇಲೆ ಒಂದು ಮರದ ತುಂಡು, ಅದರ ತುದಿಗೆ ಗುಂಡು ತಲೆಯ ಸ್ಕ್ರೂ. ಇದನ್ನು ಬ್ಲೇಡಿಗಿಂತ ಒಂದೆರಡು ಇಂಚು ಮುಂಚೆ ಕ್ಲಾಂಪ್ ಮಾಡಿ. ಸ್ಕ್ರೂ ತಲೆಯಿಂದ ಬ್ಲೇಡಿನ ಎಡ ಹಲ್ಲಿನ ನೇರಕ್ಕೆ ಎಷ್ಟು ಅಂತರವೋ ಪಟ್ಟಿ ಅಷ್ಟು ದಪ್ಪ. ಪ್ರತಿ ಸಲ ಹಲಗೆ ಸ್ಕ್ರೂಗೆ ತಾಗುವವರೆಗೆ ಫೆನ್ಸನ್ನು ಎಡಕ್ಕೆ ಸರಿಸಿ, ಬಿಗಿದು, ಕೊಯ್ಯಿರಿ. ಫೆನ್ಸ್ ಸರಿಸುವಾಗ ಮಷಿನ್ ಬಂದ್ ಇರಲಿ. ಹತ್ತು ಪಟ್ಟಿಗೆ ಹತ್ತು ಸಲ ಫೆನ್ಸ್ ಸರಿಸುವುದು ಬೇಸರ, ಒಪ್ಪುತ್ತೇನೆ. ಒಂದು ಪಟ್ಟಿಗೆ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ. ಹಲಗೆಯ ಅಗಲ ನಾಲ್ಕು ಇಂಚಿಗೆ ಬಂದಾಗ ನಿಲ್ಲಿಸಿ, ಬೇರೆ ಹಲಗೆ ತೆಗೆದುಕೊಳ್ಳಿ.

ಪೂರ್ತಿ ಪ್ಲೈ ಹಾಳೆ, ಮತ್ತು ತಲೆಕೆಳಗಾದ ಕಟರ್

8x4ರ 18 ಮಿ.ಮೀ. ಪ್ಲೈ ಮೂವತ್ತು ಕಿಲೋಗೂ ಹೆಚ್ಚು ತೂಗುತ್ತದೆ. ಚಿಕ್ಕ ಟೇಬಲ್ ಸಾ ಮೇಲೆ ಒಬ್ಬರೇ ಅದನ್ನು ಹತ್ತಿಸಬೇಡಿ. ನೆಲಕ್ಕೆ ಥರ್ಮಾಕೋಲ್ ಹಾಳೆ ಹಾಸಿ, ಪ್ಲೈ ಮಲಗಿಸಿ, ನೇರ ಪಟ್ಟಿ ಕ್ಲಾಂಪ್ ಮಾಡಿ, ಕೈ ಸರ್ಕ್ಯುಲರ್ ಸಾದಿಂದ ಮೊದಲು ಎರಡು ತುಂಡು ಮಾಡಿಕೊಳ್ಳಿ.

ಇನ್ನೊಂದನ್ನು ಮನಸ್ಸಿನಲ್ಲಿ ನೋವಿಟ್ಟುಕೊಂಡೇ ಹೇಳುತ್ತಿದ್ದೇನೆ. ಸೈಟುಗಳಲ್ಲಿ ಪ್ಲೈಗೆ ತೂತು ಕೊರೆದು, ಕೆಳಗಿನಿಂದ ಮಾರ್ಬಲ್ ಕಟರ್ ತಲೆಕೆಳಗೆ ಕಟ್ಟಿ, ಟ್ರಿಗ್ಗರಿಗೆ ತಂತಿ ಸುತ್ತಿ ಟೇಬಲ್ ಸಾ ಮಾಡಿಕೊಳ್ಳುತ್ತಾರೆ. ಆ ಕಟರ್ ಕಲ್ಲು ಕೊಯ್ಯಲು ಮಾಡಿದ್ದು, ನಿಮಿಷಕ್ಕೆ ಸುಮಾರು 12 ಸಾವಿರ ಸುತ್ತು ತಿರುಗುತ್ತದೆ. ಅದಕ್ಕೆ ಮರದ ಬ್ಲೇಡು ಹಾಕಿದರೆ ಹಿಂದೆ ನಾಲಿಗೆ ಇಲ್ಲ, ಫೆನ್ಸ್ ಇಲ್ಲ, ನಿಲ್ಲಿಸಲು ಬಟನ್ನೂ ಇಲ್ಲ. ಮೇಲೆ ಹೇಳಿದ ಯಾವ ಸಲಕರಣೆಯೂ ಅದನ್ನು ಸುರಕ್ಷಿತ ಮಾಡುವುದಿಲ್ಲ. ಟೇಬಲ್ ಸಾ ಕೊಳ್ಳಲು ಸದ್ಯ ಆಗದಿದ್ದರೆ ಪಟ್ಟಿ ಹಿಡಿದು ಕೈ ಸರ್ಕ್ಯುಲರ್ ಸಾದಿಂದ ಕೊಯ್ಯಿರಿ, ಇಲ್ಲ ಟಿಂಬರ್ ಮಾರ್ಕೆಟ್ಟಿನಲ್ಲೇ ಅಳತೆ ಕೊಟ್ಟು ಸೀಳಿಸಿಕೊಂಡು ಬನ್ನಿ.

ಸಲಕರಣೆಗಳ ಪಾಲನೆ

ಬೂಟಿಗೆ ಒಂದು ತೂತು ಕೊರೆದು ಫೆನ್ಸಿನ ಬಲಬದಿಗೆ ಕೊಕ್ಕೆ ಹಾಕಿ ತೂಗು ಹಾಕಿ. ಕಪಾಟಿನಲ್ಲಿಟ್ಟರೆ ಕೊಯ್ಯುವಾಗ ಕೈಗೆ ಸಿಗುವುದಿಲ್ಲ. ಬಾಚಣಿಗೆಯ ಒಂದೆರಡು ಹಲ್ಲು ಮುರಿದರೆ ತುದಿ ಕೊಯ್ದು ಹೊಸ ಹಲ್ಲು ಸೀಳಿ. ಮರದ ನಾಲಿಗೆ ಅಲುಗಾಡಿದರೆ ಇನ್ಸರ್ಟೇ ಹೊಸದು ಮಾಡಿ. ಬೂಟಿನ ಹಿಮ್ಮಡಿ ತಿಂದುಹೋದಾಗ ಅಡಿಯಿಂದ 10 ಮಿ.ಮೀ. ಕೊಯ್ದು ಮತ್ತೆ ಅದೇ ಕಚ್ಚು ಹಾಕಿ. 170 ಮಿ.ಮೀ. ಎತ್ತರ ಇಟ್ಟಿದ್ದು ಇದಕ್ಕೇ. ಹಿಡಿಯುವ ಜಾಗ ಅಡಿಯಿಂದ 100 ಮಿ.ಮೀ.ಗಿಂತ ಕೆಳಗೆ ಇಳಿದ ದಿನ ಅದನ್ನು ಬಿಸಾಡಿ, ಹೊಸದು ಮಾಡಿ. ರಟ್ಟಿನ ಅಚ್ಚನ್ನು ಗೋಡೆಗೆ ತೂಗು ಹಾಕಿದ್ದರೆ ಇಪ್ಪತ್ತು ನಿಮಿಷದ ಕೆಲಸ.